ಕಾಣದ ಅಂಚಿಗೂ ಪಾಲಿಶ್

ಗಾಜಿನ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಕೈ ಕೊಯ್ಯುತ್ತದೆಯೇ? ಕೊಯ್ಯುತ್ತದೆ. ಇದರಲ್ಲಿ ಮುಚ್ಚುಮರೆ ಮಾಡುವಂಥದ್ದೇನೂ ಇಲ್ಲ. ಆಗಷ್ಟೇ ತುಂಡರಿಸಿದ ಗಾಜು ಕೊಯ್ದದ್ದು ಆ ಕ್ಷಣಕ್ಕೆ ಗೊತ್ತೂ ಆಗುವುದಿಲ್ಲ. ಒರೆಸುವ ಬಟ್ಟೆ ಕೆಂಪಾದಾಗ ಇದು ಯಾರ ರಕ್ತ ಎಂದು ಎಲ್ಲರೂ ತಮ್ಮ ತಮ್ಮ ಕೈ ತಿರುಗಿಸಿ ನೋಡಿಕೊಳ್ಳುತ್ತಾರೆ. ಆ ಹರಿತವನ್ನು ತೆಗೆದು, ಮಗು ಕೈಯಾಡಿಸಿದರೂ ಏನೂ ಆಗದಂತೆ ಮಾಡುವುದು ನನ್ನ ಕೆಲಸವಾಗಿತ್ತು. ಬಂಟ್ವಾಳದ ಒಂದು ಗಾಜಿನ ಶೆಡ್ಡಿನಲ್ಲಿ, ಅಂಚು ಉಜ್ಜುವ ಯಂತ್ರದ ಪಕ್ಕದಲ್ಲಿ ನಿಂತು ನನ್ನ ದುಡಿಮೆಯ ಕಾಲ ಕಳೆಯಿತು. ಈಗ ಮನೆಯಲ್ಲಿದ್ದೇನೆ. ಈಚೆಗೆ ಹುಡುಗಿಯರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೆ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದೇ ಒಂದು ಕೆಲಸದ ಬಗ್ಗೆ ಹೇಳು ಎಂದರೆ ನಾನು ನಾರಾವಿ ಕಡೆಯ ಒಂದು ಬಸದಿಯ ದೀಪಕ್ಕೆ ಮಾಡಿಕೊಟ್ಟ ಗಾಜಿನ ಪೆಟ್ಟಿಗೆಯನ್ನು ಹೇಳುತ್ತೇನೆ. ಅದರಲ್ಲಿ ನಾವು ಎರಡೆರಡು ಸಲ ಸೋತೆವು. ಇನ್ನೊಮ್ಮೆ ಸೋತಿದ್ದರೆ ಒಬ್ಬ ಹೆಂಗಸು ತಲೆಮಾರುಗಳಿಂದ ಆರದ ದೀಪವನ್ನು ತನ್ನ ಕೈಯಾರೆ ಆರಿಸಬೇಕಾಗಿತ್ತು. ಆದರೆ ಆ ಸೋಲು ಅರ್ಥವಾಗಬೇಕಾದರೆ ಮೊದಲು ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಬೇಕು.

ನನ್ನ ಹೆಸರು ಲೀಲಾವತಿ, ಸಿದ್ಧಕಟ್ಟೆ ಹತ್ತಿರದವಳು. ಮೊದಲು ಬೀಡಿ ಕಟ್ಟುತ್ತಿದ್ದೆ. ನಮ್ಮ ಕಡೆ ಬೀಡಿ ಕಟ್ಟುವ ಸೂಪು, ಅಂದರೆ ಮೊರ, ಮಡಿಲಲ್ಲಿ ಇಟ್ಟುಕೊಳ್ಳದೆ ಬೆಳೆದ ಹೆಂಗಸರು ಕಡಿಮೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆ ಕೊಡುವುದು ಕಡಿಮೆಯಾಗುತ್ತ ಬಂದಾಗ ಬೇರೆ ಕೆಲಸ ಹುಡುಕಬೇಕಾಯಿತು. ಜಗನ್ನಾಥಣ್ಣ ಎಂಬವರು ಗಾಜು ತೊಳೆದು ಒರೆಸಲು ಹೆಂಗಸರನ್ನು ಹುಡುಕುತ್ತಿದ್ದಾರೆ ಎಂದು ತಿಳಿದು ಹೋದೆ. ಅವರು ನನ್ನ ಕೈ ನೋಡಿ, "ಬೀಡಿ ಕಟ್ಟಿದ ಕೈಯಾ? ಹಾಗಾದ್ರೆ ತೆಳು ಸಾಮಾನು ಹಿಡಿಲಿಕ್ಕೆ ಗೊತ್ತುಂಟು, ನಾಳೆಯಿಂದ ಬನ್ನಿ" ಎಂದರು. ಸಂದರ್ಶನ ಅಷ್ಟೇ.

ಯಂತ್ರದ ಮೇಲೆ ಇದ್ದವರು ಹಸನಬ್ಬ. ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಹಿರಿಯರನ್ನು ಕರೆಯುವ ರೂಢಿಯಂತೆ ಎಲ್ಲರ ಬಾಯಲ್ಲಿ ಅವರು ಹಸನಾಕ. ಗಲ್ಫಿನಲ್ಲಿ ಕನ್ನಡಿ ಕಾರ್ಖಾನೆಯಲ್ಲಿ ದುಡಿದು ಬಂದವರು. ಹೊಗಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಕೆಲಸ ಚೆನ್ನಾಗಿ ಆಗಿದ್ದರೆ ಸುಮ್ಮನಿರುತ್ತಿದ್ದರು, ಆ ಮೌನವನ್ನೇ ನಾವು ಶಹಬ್ಬಾಸ್ ಎಂದು ತಿಳಿದುಕೊಳ್ಳಬೇಕಿತ್ತು. ಅವರು ನನಗೆ ಹೇಳಿದ ಮೊದಲ ಪಾಠ ಇದು: "ಹೊಸ ಅಂಚಿಗೆ ಎಲ್ಲರೂ ಹೆದರ್ತಾರೆ, ಹಾಗಾಗಿ ಅದು ಹೆಚ್ಚು ಕೊಯ್ಯುದಿಲ್ಲ. ಪಾಲಿಶ್ ಆದದ್ದು ಕೊಯ್ಯುದೇ ಇಲ್ಲ. ಅರ್ಧ ಉಜ್ಜಿ ಬಿಟ್ಟದ್ದು ಉಂಟಲ್ಲ, ಅದನ್ನು ನಂಬಬೇಡ ಮಾರಾಯ್ತಿ." ಈ ಮಾತು ಗಾಜಿನ ಹೊರಗೂ ಸಲ್ಲುತ್ತದೆ. ಆದರೆ ನಾನು ಇಲ್ಲಿ ಗಾಜಿನ ಬಗ್ಗೆ ಮಾತ್ರ ಹೇಳುತ್ತೇನೆ.

ಆಗ ಇದ್ದದ್ದು ಒಂದೇ ಚಕ್ರದ ಯಂತ್ರ. ತಿರುಗುವ ಕಲ್ಲಿನ ಮೇಲೆ ಇಬ್ಬರು ಗಾಜಿನ ಎರಡು ತುದಿ ಹಿಡಿದು, ಅಂಚನ್ನು ಒಂದೇ ಸಮನೆ ಒತ್ತಿ ಎಳೆಯಬೇಕು. ಒಬ್ಬರ ಕೈ ಭಾರವಾದರೆ ಅಂಚು ದೋಣಿಯ ತಳದಂತೆ ಬಾಗುತ್ತದೆ. ಮೇಲಿನ ಡಬ್ಬಿಯಿಂದ ನೀರು ಬೀಳುತ್ತಲೇ ಇರಬೇಕು. ನೀರು ನಿಂತರೆ ಗಾಜು ಕಾದು ಅಂಚು ಬಿಳಿಚಿಕೊಳ್ಳುತ್ತದೆ. ಅದಕ್ಕೆ ನಾವು ಅಂಚು ಸುಟ್ಟಿತು ಎನ್ನುತ್ತಿದ್ದೆವು. ಉಜ್ಜಿದ ಗಾಜಿನ ಪುಡಿ ನೀರಿನೊಂದಿಗೆ ಹರಿದು ಕೆಳಗಿನ ಗುಂಡಿಯಲ್ಲಿ ನೀರುದೋಸೆಯ ಹಿಟ್ಟಿನಂತೆ ನಿಲ್ಲುತ್ತದೆ. ಸಂಜೆ ನಮ್ಮ ಮೊಣಕೈಯವರೆಗೂ ಅದೇ ಹಿಟ್ಟು. ಬಸ್ಸಿನಲ್ಲಿ ಪಕ್ಕದವರು, "ಎಲ್ಲಿ, ಕ್ಯಾಟರಿಂಗಿನಲ್ಲಾ?" ಎಂದು ಕೇಳಿದ್ದುಂಟು.

ಆಮೇಲೆ ಉದ್ದನೆಯ ಯಂತ್ರ ಬಂತು. ಗಾಜನ್ನು ನೆಟ್ಟಗೆ ನಿಲ್ಲಿಸಿ ಒಂದು ಕಡೆಯಿಂದ ಬಿಟ್ಟರೆ ರಬ್ಬರಿನ ಪಟ್ಟಿ ಅದನ್ನು ಹಿಡಿದು ಮೆಲ್ಲಗೆ ಸಾಗಿಸುತ್ತದೆ. ಕೆಳಗೆ ಚಕ್ರಗಳ ಸಾಲು. ಮೊದಲಿನ ವಜ್ರದ ಪುಡಿಯ ಚಕ್ರಗಳು ಅಂಚನ್ನು ತಿನ್ನುತ್ತವೆ, ನಡುವಿನವು ನಯ ಮಾಡುತ್ತವೆ, ಕೊನೆಯವು ಹೊಳಪು ಕೊಡುತ್ತವೆ. ನಮ್ಮ ತೋಳುಗಳಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಹಳೆಯ ಯಂತ್ರವೇ ಚೆನ್ನಾಗಿತ್ತು ಎಂದು ಹಲುಬುವ ಹಿರಿಯರನ್ನು ನಂಬಬೇಡಿ, ಅವರು ಹಳೆಯ ಯಂತ್ರವನ್ನು ದೂರದಿಂದ ನೋಡಿದವರು.

ಆದರೆ ಯಂತ್ರ ಎಷ್ಟೇ ಉದ್ದವಾದರೂ ಕೊನೆಗೆ ನೋಡಬೇಕಾದದ್ದು ಮನುಷ್ಯರೇ. ಚಕ್ರ ಮೊಂಡಾದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಹಲ್ಲುಗಳು ಉಳಿಯುತ್ತವೆ. ಹಸನಾಕ ಉಗುರಿನಿಂದ ತಡವಿ ನೋಡುತ್ತಿದ್ದರು. ನನ್ನ ಹತ್ತಿರ ಬೀಡಿಗೆ ಸುತ್ತುವ ನೂಲಿನ ಉಂಡೆ ಇತ್ತು. ಅದರ ಒಂದು ಎಳೆಯನ್ನು ಅಂಚಿನ ಉದ್ದಕ್ಕೂ ಎಳೆದರೆ, ಹಲ್ಲು ಇದ್ದಲ್ಲಿ ಟಕ್ ಎಂದು ಸಿಕ್ಕಿಕೊಳ್ಳುತ್ತದೆ. ಹಸನಾಕ ಮೊದಲು ನಕ್ಕರು. "ಗಾಜಿಗೂ ಬೀಡಿ ಕಟ್ಟುದಾ?" ಎಂದರು. ಸ್ವಲ್ಪ ದಿನ ಕಳೆದು, ಏನೂ ಹೇಳದೆ, ನನ್ನ ಉಂಡೆಯಿಂದ ಒಂದು ಎಳೆ ಹರಿದು ತಮ್ಮ ಜೇಬಿಗೆ ಹಾಕಿಕೊಂಡರು.

ಇನ್ನು ಯಜಮಾನರ ವಿಷಯ. ಜಗನ್ನಾಥಣ್ಣ ಕೆಟ್ಟ ಮನುಷ್ಯರಲ್ಲ. ಮೊದಲು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವರು. ಅಲ್ಲಿ ಗಾಜಿನ ಅಂಚೆಲ್ಲ ಮರದ ಕಟ್ಟಿನ ಒಳಗೇ ಅಡಗುತ್ತದೆ. ಹಾಗಾಗಿ ಅವರಿಗೆ ಅಂಚುಗಳಲ್ಲಿ ಎರಡೇ ಜಾತಿ: ಕಾಣುವ ಅಂಚು, ಕಾಣದ ಅಂಚು. ಕಾಣುವುದಕ್ಕೆ ಪಾಲಿಶ್, ಕಾಣದ್ದಕ್ಕೆ ಒರಟು ಕಲ್ಲಿನಲ್ಲಿ ಒಮ್ಮೆ ತೀಡಿದರೆ ಆಯಿತು. "ಒಳಗೆ ಹೋಗುದಕ್ಕೆ ಎಂತಕ್ಕೆ ಶೃಂಗಾರ?" ಎನ್ನುತ್ತಿದ್ದರು. ಇದು ಅವರೊಬ್ಬರ ಮಾತಲ್ಲ, ಕಸುಬಿನಲ್ಲಿ ಎಲ್ಲ ಕಡೆ ನಡೆಯುವುದೇ ಹೀಗೆ.

ನಮ್ಮ ಜನರ ಒಂದು ಸ್ವಭಾವವೂ ಗೊತ್ತಿರಲಿ. ಮೂಡುಬಿದಿರೆಯ ಒಂದು ಹೊಸ ಮನೆಗೆ ಸ್ನಾನದ ಕೋಣೆಯ ಗಾಜಿನ ಬಾಗಿಲು ಮಾಡಬೇಕಿತ್ತು. ಟಫನ್ ಗಾಜು. ಅದನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಮೇಲೆ ಕತ್ತರಿಸುವಂತಿಲ್ಲ, ಉಜ್ಜುವಂತಿಲ್ಲ. ಉಜ್ಜಲು ಹೋದರೆ ಇಡೀ ಗಾಜು ಕಲ್ಲುಸಕ್ಕರೆಯಾಗಿ ನೆಲಕ್ಕೆ ಬೀಳುತ್ತದೆ. ಆದ್ದರಿಂದ ಅಳತೆ ಮೊದಲೇ ಸರಿ ಇರಬೇಕು. ಆಚಾರಿ ಅಳೆದು, ಎಡೆ ಇರಲಿ ಎಂದು ಸ್ವಲ್ಪ ಬಿಟ್ಟು ಬರೆದ. ಗಾಜು ಕೂರಿಸುವವನು, ಆಚಾರಿಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ ಎಂದು ಇನ್ನು ಸ್ವಲ್ಪ ಬಿಟ್ಟ. ತುಂಡರಿಸುವವನು, ಇವರಿಬ್ಬರೂ ಮರೆತಿರಬಹುದು ಎಂದು ಮತ್ತೂ ಸ್ವಲ್ಪ ಬಿಟ್ಟ. ಇನ್ನೊಬ್ಬರನ್ನು ಕೇಳಿದರೆ ಅವರಿಗೆ ಬೇಸರವಾಗಬಹುದು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕೊನೆಗೆ ಬಾಗಿಲು ಮುಚ್ಚಿದರೂ ಬೆಕ್ಕು ಬಂದು ಹೋಗುವಷ್ಟು ದಾರಿ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಅಳತೆ ಬಂದ ಕೂಡಲೇ "ಇದರಲ್ಲಿ ಬಿಟ್ಟದ್ದು ಯಾರು?" ಎಂದು ಬಾಯಿಬಿಟ್ಟು ಕೇಳುವುದು. ದಾಕ್ಷಿಣ್ಯ ಊಟದ ಎಲೆಯ ಮುಂದೆ ಇರಲಿ, ಗಾಜಿನ ಮುಂದೆ ಬೇಡ.

ಏಪ್ರಿಲಿನ ವಿಷು ಹಬ್ಬ ಕಳೆದು ಮಳೆಗಾಲದವರೆಗೆ ನಮ್ಮಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಆಟಿ ತಿಂಗಳಲ್ಲಿ, ಅಂದರೆ ತುಳುವರ ಆಷಾಢದಲ್ಲಿ, ಗೃಹಪ್ರವೇಶ ಇಲ್ಲದ ಕಾರಣ ಎಲ್ಲರಿಗೂ ಅದಕ್ಕೆ ಮೊದಲೇ ಮುಗಿಯಬೇಕು. ಯಂತ್ರವನ್ನು ಬಿಚ್ಚಿ ತೊಳೆದು ಚಕ್ರ ಬದಲಿಸುವುದನ್ನೂ ಹಾಗಾಗಿ ಆಟಿಗೇ ಇಟ್ಟುಕೊಳ್ಳುತ್ತಿದ್ದೆವು. ಸುನಂದಮ್ಮ ಬಂದದ್ದು ಸರಿಯಾಗಿ ಅಂಥ ಗಡಿಬಿಡಿಯ ಕಾಲದಲ್ಲಿ.

ಅವರು ನಾರಾವಿ ಕಡೆಯ ಜೈನರ ಮನೆಯವರು. ವಯಸ್ಸಾಗಿತ್ತು. ಬಸ್ಸು ಬದಲಿಸಿ ಬದಲಿಸಿ ಬಂದಿದ್ದರು. ದಾರಿಯ ಧೂಳಿಗೆ ಕಣ್ಣು ಕೆಂಪಗಿತ್ತು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಮ್ಮ ಮನೆ ಪಕ್ಕ ಸಣ್ಣ ಬಸದಿ ಉಂಟು," ಎಂದರು. "ಅದರಲ್ಲಿ ಒಂದು ದೀಪ. ನಮ್ಮವರ ಅಜ್ಜನ ಕಾಲಕ್ಕಿಂತ ಮೊದಲಿನಿಂದ ಆರಲಿಲ್ಲ ಅದು. ಅತ್ತೆ ಸಾಯುವಾಗ ನನ್ನ ಕೈಗೆ ಕೊಟ್ಟದ್ದು. ಮಳೆ ಬಿದ್ದ ಕೂಡಲೇ ಹುಳಗಳು ಬರ್ತವೆ. ಬಂದು ಬೆಂಕಿಗೆ ಬೀಳ್ತವೆ."

ಜೈನರಿಗೆ ಇದು ಸಣ್ಣ ವಿಷಯವಲ್ಲ. ಕಾಲಡಿಯ ಇರುವೆಯನ್ನೂ ನೋಡಿ ನಡೆಯುವವರು, ತಾವೇ ಹಚ್ಚಿಟ್ಟ ದೀಪ ಜೀವ ತೆಗೆಯುವುದನ್ನು ನೋಡಿಕೊಂಡು ಇರುವುದು ಹೇಗೆ? ಸುನಂದಮ್ಮ ಮಳೆಗಾಲ ಪೂರ್ತಿ ಸಂಜೆಯಿಂದ ದೀಪದ ಪಕ್ಕ ಕುಳಿತು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಹುಳಗಳನ್ನು ಮೆಲ್ಲಗೆ ಆಚೆ ಮಾಡುತ್ತಿದ್ದರು. ಬೆಳಗಿನ ಜಾವದವರೆಗೆ. ಮನೆಯಲ್ಲಿ ಸೊಸೆಯಂದಿರು ಇದ್ದರು, ನಾವು ಕೂರುತ್ತೇವೆ ಎನ್ನುತ್ತಿದ್ದರಂತೆ. ಇವರೇ ಬಿಟ್ಟುಕೊಡುತ್ತಿರಲಿಲ್ಲ.

"ಹೋದ ವರ್ಷ ಕೂತಲ್ಲೇ ನಿದ್ದೆ ಹೋಯ್ತು," ಎಂದರು. "ಎದ್ದು ನೋಡುವಾಗ ದೀಪದ ತುಂಬ ಹುಳಗಳು. ಎಣ್ಣೆ ಕಾಣ್ತಾ ಇರಲಿಲ್ಲ. ಬಸದಿಯ ಪೂಜೆ ಮಾಡುವ ಇಂದ್ರರ ಹತ್ರ ಹೇಳಿದ್ದೇನೆ, ಇನ್ನೊಮ್ಮೆ ಹಾಗಾದ್ರೆ ನಾನೇ ಆರಿಸ್ತೇನೆ ಅಂತ. ಆದರೆ ಅತ್ತೆಗೆ ಆರಿಸುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಒಂದು ಗಾಜಿನ ಪೆಟ್ಟಿಗೆ ಮಾಡಿ ಕೊಡಿ."

ಜಗನ್ನಾಥಣ್ಣ ಕೇಳಿದರು, "ಕರೆಂಟಿನ ದೀಪ ಇಟ್ಟರೆ ಆಗುದಿಲ್ವಾ ಅಮ್ಮ?"

"ಮಕ್ಕಳೂ ಅದನ್ನೇ ಹೇಳ್ತಾರೆ. ಅದು ಕರೆಂಟು ಹೋದಾಗ ತಾನೇ ಆರ್ತದೆ. ಯಾರ ಕೈಯಲ್ಲೂ ಇಲ್ಲ. ನನ್ನ ಕೈಯಲ್ಲಿ ಇದ್ದದ್ದನ್ನು ನಾನು ನೋಡ್ಕೊಳ್ಳಬೇಕಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆ ಎಲ್ಲರೂ ಕೇಳಿದ್ದೇ. ಇಲ್ಲಿ ಹುಳವೂ ಸಾಯಬಾರದು, ದೀಪವೂ ಆರಬಾರದು. ಲ್ಯಾಂಪಿನ ಚಿಮಣಿಗಳನ್ನು ಅವರು ಆಗಲೇ ಇಟ್ಟು ನೋಡಿದ್ದರು, ಮೇಲಿನ ಬಾಯಿಯಿಂದ ಹುಳ ಬೀಳುತ್ತಿತ್ತು. ಬಲೆ ಮುಚ್ಚಿದ್ದರು, ಬಲೆಯೇ ಕಾದು ಹುಳ ಅದಕ್ಕೆ ಅಂಟಿ ಸುಡುತ್ತಿತ್ತು.

ಮೊದಲ ಪೆಟ್ಟಿಗೆಯನ್ನು ಪಟದ ಕಟ್ಟಿನ ಕ್ರಮದಲ್ಲೇ ಮಾಡಿದೆವು. ಹಲಸಿನ ಮರದ ಚೌಕಟ್ಟು, ಅದರಲ್ಲಿ ಕೊರೆದ ಸೀಳಿನೊಳಗೆ ನಾಲ್ಕು ಸುತ್ತ ಗಾಜು, ಮೇಲೊಂದು ಮುಚ್ಚಳ. ಅಂಚು ಎಲ್ಲ ಮರದ ಒಳಗೆ ಹೋಗುವಂಥದ್ದು. ಜಗನ್ನಾಥಣ್ಣನ ಲೆಕ್ಕದಲ್ಲಿ ಕಾಣದ ಅಂಚು. ಒರಟು ಕಲ್ಲಿನಲ್ಲಿ ತೀಡಿ ಕೊಟ್ಟೆವು. ಹಸನಾಕನೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಶೆಡ್ಡಿನ ತುಂಬ ಗೃಹಪ್ರವೇಶದ ಗಾಜುಗಳು ಕಾಯುತ್ತಿದ್ದವು.

ವಾರ ಕಳೆಯುವಷ್ಟರಲ್ಲಿ ಸುನಂದಮ್ಮ ಮತ್ತೆ ಬಂದರು. ಕೈಚೀಲದಲ್ಲಿ ಬಟ್ಟೆ ಸುತ್ತಿದ ಒಂದು ಗಾಜಿನ ತುಂಡು. ಪೆಟ್ಟಿಗೆಯ ಒಂದು ಬದಿ ಸಾಯಂಕಾಲ ಟಿಕ್ ಎಂದು ಸದ್ದು ಮಾಡಿ ಕೆಳಗಿನಿಂದ ಮೇಲಿನವರೆಗೆ ಸೀಳಿತ್ತು. ಹಸನಾಕ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

"ಇಲ್ಲಿಂದ ಸುರು ಆದದ್ದು," ಎಂದು ಮರದೊಳಗೆ ಇದ್ದ ಅಂಚನ್ನು ತೋರಿಸಿದರು. ಒರಟು ಕಲ್ಲು ಬಿಟ್ಟ ಒಂದು ಹಲ್ಲು. ಗಾಜಿನ ನಡು ದೀಪದಿಂದ ಕಾಯುತ್ತದೆ, ಮರದೊಳಗಿನ ಅಂಚು ತಣ್ಣಗೆ ಇರುತ್ತದೆ. ಆ ಎಳೆದಾಟದಲ್ಲಿ ಗಾಜು ತನ್ನ ದುರ್ಬಲ ಜಾಗವನ್ನು ಹುಡುಕುತ್ತದೆ. ಅದು ಯಾವಾಗಲೂ ಅಂಚಿನಲ್ಲೇ ಇರುತ್ತದೆ.

"ಮತ್ತೆ ಸಣ್ಣ ನುಸಿಗಳು ಮರದ ಸಂದಿನಿಂದ ಒಳಗೆ ಹೋಗ್ತವೆ," ಎಂದರು ಸುನಂದಮ್ಮ. ದೂರುವ ಸ್ವರವಲ್ಲ, ವರದಿ ಒಪ್ಪಿಸುವ ಸ್ವರ. ಅದರಿಂದ ಇನ್ನಷ್ಟು ಕಷ್ಟವಾಯಿತು.

ಜಗನ್ನಾಥಣ್ಣ ಆ ತುಂಡನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಬಂದು, "ಈ ಸಲ ಮರ ಬೇಡ. ಪೂರ್ತಿ ಗಾಜು ಮಾಡುವ. ಇದರಲ್ಲಿ ಕಾಣದ ಅಂಚು ಅಂತ ಇಲ್ಲ. ಎಲ್ಲದಕ್ಕೂ ಪಾಲಿಶ್ ಹಾಕಿ," ಎಂದರು. ಅವರು ಸುಲಭಕ್ಕೆ ಮಾತು ಬದಲಿಸುವವರಲ್ಲ. ಬದಲಿಸಿದರೆ ಮಾತ್ರ ನಡುವೆ ನಿಲ್ಲಿಸುವವರೂ ಅಲ್ಲ.

ಎರಡನೆಯ ಪೆಟ್ಟಿಗೆಗೆ ನಾವು ನಮ್ಮ ಬುದ್ಧಿಯನ್ನೆಲ್ಲ ಸುರಿದೆವು. ನಾಲ್ಕು ಗಾಜುಗಳ ಪಕ್ಕದ ಅಂಚನ್ನು ಓರೆಯಾಗಿ ಉಜ್ಜಿ, ಮೂಲೆಯಲ್ಲಿ ಒಂದಕ್ಕೊಂದು ಸೇರಿದರೆ ಗೆರೆ ಕೂಡ ಕಾಣದಂತೆ ಮಾಡಿದೆವು. ಓರೆ ಅಂಚು ಕಷ್ಟದ ಕೆಲಸ. ತುದಿ ತೆಳುವಾಗುವ ಕಾರಣ ಚಕ್ರ ಸ್ವಲ್ಪ ಜಾಸ್ತಿ ಒತ್ತಿದರೂ ಚೂರು ಹಾರುತ್ತದೆ. ಕೆಟ್ಟುಹೋದ ಗಾಜುಗಳನ್ನು ಬದಿಗಿಟ್ಟು ಮತ್ತೆ ಮಾಡಿದೆವು. ಮೇಲಿನ ಮುಚ್ಚಳ ಬಿಸಿ ಹೆಚ್ಚು ತಿನ್ನುವುದರಿಂದ ಅದರ ಅಂಚು ಮುಗಿಸಿ, ಟಫನ್ ಮಾಡಿಸಿ ತಂದೆವು. ಕೆಳಗೆ ನಯವಾದ ಕಪ್ಪು ಗ್ರಾನೈಟಿನ ಹಲಗೆ. ಅದರ ಮೇಲೆ ಪೆಟ್ಟಿಗೆಯನ್ನು ಇಟ್ಟಾಗ ನನ್ನ ಬೀಡಿ ನೂಲು ಎಲ್ಲಿಯೂ ಒಳಗೆ ಹೋಗಲಿಲ್ಲ. ಹಸನಾಕ ಸುಮ್ಮನಿದ್ದರು. ನನಗೆ ಜೀವನದಲ್ಲಿ ಅಷ್ಟು ಸಂತೋಷವಾದ ಮೌನ ಬೇರೆ ಇಲ್ಲ.

ಕೊಂಡೊಯ್ಯಲು ಸುನಂದಮ್ಮ ಬಂದ ದಿನ ಅವರ ಎದುರಿಗೇ ಒಂದು ಹಣತೆ ಹಚ್ಚಿ ಒಳಗಿಟ್ಟು ಮುಚ್ಚಳ ಮುಚ್ಚಿದೆವು. ಎಲ್ಲರೂ ಸುತ್ತ ನಿಂತಿದ್ದೆವು. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ಸ್ವಚ್ಛ. ಜ್ವಾಲೆ ನೆಟ್ಟಗೆ ಉರಿಯಿತು. ಆಮೇಲೆ ಸಣ್ಣದಾಯಿತು. ಆಮೇಲೆ ನೀಲಿಯಾಗಿ, ಬತ್ತಿಯ ತುದಿಗೆ ಕುಳಿತು, ಆರಿಹೋಯಿತು. ಒಳಗೆ ಹೊಗೆ ಮಾತ್ರ ಉಳಿಯಿತು.

ನುಸಿ ಹೋಗದ ಹಾಗೆ ಮಾಡುವ ಉಮೇದಿನಲ್ಲಿ ನಾವು ಗಾಳಿಯನ್ನೂ ಹೊರಗೆ ಇಟ್ಟಿದ್ದೆವು. ದೀಪಕ್ಕೆ ಗಾಳಿ ಬೇಕು ಎಂಬುದು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಜಗನ್ನಾಥಣ್ಣ ಓದಿದವರು, ಹಸನಾಕ ಲೋಕ ಸುತ್ತಿದವರು, ನಾನು ದಿನಾ ಒಲೆ ಊದುವವಳು. ಮೂವರಿಗೂ ಹೊಳೆಯಲಿಲ್ಲ. ಅಂಚು ನೋಡಿ ನೋಡಿ ನಮಗೆ ಅಂಚು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನನಗೆ ಅಳು ಬಂತು. ದುಃಖದ್ದಲ್ಲ, ಸಿಟ್ಟಿನ ಅಳು.

ಸುನಂದಮ್ಮ ಆರಿದ ಹಣತೆಯನ್ನು ನೋಡುತ್ತ, "ಸದ್ಯ, ಇದು ನಮ್ಮ ದೀಪ ಅಲ್ಲ," ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ನೀವು ಬೇಜಾರು ಮಾಡಬೇಡಿ. ಮೋಡ ಕಟ್ಟಿ ಆಗಿದೆ. ಮೊದಲ ಮಳೆವರೆಗೆ ನೋಡ್ತೇನೆ. ಆಮೇಲೆ ಆರಿಸ್ತೇನೆ. ಆರಿಸುವ ಪಾಪ ನನಗಿರಲಿ, ಗಾಜಿಗೆ ಎಂತಕ್ಕೆ?" ಎಂದು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ಯಾರೋ ಮುಚ್ಚಳಕ್ಕೆ ತೂತು ಕೊರೆಯುವ ಎಂದರು. ಟಫನ್ ಗಾಜಿಗೆ ಇನ್ನು ತೂತು ಕೊರೆಯುವಂತಿಲ್ಲ. ಬದಿಯ ಗಾಜಿಗೆ ಕೊರೆದರೆ ಗಾಳಿ ಸಾಲುವಷ್ಟು ದೊಡ್ಡ ತೂತಿನಲ್ಲಿ ನುಸಿಯೂ ಹೋಗುತ್ತದೆ, ತೂತಿನ ಸುತ್ತಲೂ ಹೊಸ ಹಲ್ಲುಗಳು ಬೇರೆ. ಹಸನಾಕ ಗುಂಡಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಬಂದು, ಪೆಟ್ಟಿಗೆಯನ್ನು ಒಂದು ಬದಿಯಿಂದ ಚೂರೇ ಚೂರು ಎತ್ತಿದರು.

"ಲೀಲಾ, ನಿನ್ನ ನೂಲು ಇದರ ಅಡಿಯಲ್ಲಿ ಹಾಕು."

ಹಾಕಿದೆ. ಅವರು ಪೆಟ್ಟಿಗೆಯನ್ನು ನೂಲಿನ ಮೇಲೆ ಇಳಿಸಿದರು.

"ಈ ಸಂದಿನಲ್ಲಿ ನುಸಿ ಹೋಗ್ತದಾ?"

"ಇಲ್ಲ."

"ಗಾಳಿ?"

ನಾನು ಕೆಳಗೆ ಬಗ್ಗಿ ಊದಿದೆ. ಒಳಗೆ ನಿಂತ ಹೊಗೆ ಅಲುಗಿತು.

"ಗಾಳಿಗೆ ಬಾಗಿಲು ಬೇಡ ಮಾರಾಯ್ತಿ, ಸಂದು ಸಾಕು. ಒಂದು ತೂತು ಅಲ್ಲ, ಸುತ್ತ ಪೂರ್ತಿ ಸಂದು. ಕೆಳಗೂ, ಮೇಲೆ ಮುಚ್ಚಳದ ಅಡಿಗೂ."

ನಾಲ್ಕು ಮೂಲೆಗೆ ತೆಳು ತಾಮ್ರದ ತಗಡಿನ ಚೂರುಗಳನ್ನು ನೂಲಿನ ದಪ್ಪಕ್ಕೆ ಉಜ್ಜಿ ಇಟ್ಟೆವು. ಆಗ ಗೊತ್ತಾದದ್ದು ಅಂಚಿನ ನಿಜವಾದ ಪರೀಕ್ಷೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅಂಚಿನ ಸಣ್ಣ ಬಾಗು ಸಿಲಿಕೋನ್ ಅಂಟಿನಲ್ಲಿ ಮುಚ್ಚಿಹೋಗುತ್ತದೆ. ನೂಲಿನಷ್ಟು ಸಂದು ಬಿಟ್ಟಾಗ ಯಾವ ಬಾಗೂ ಅಡಗುವುದಿಲ್ಲ. ಒಂದು ಕಡೆ ನೂಲು ಬಿಗಿಯಾಯಿತು, ಇನ್ನೊಂದು ಕಡೆ ಸಡಿಲವಾಯಿತು. ಸಡಿಲವಾದಲ್ಲಿ ನುಸಿ ತೂರುತ್ತದೆ. ಪೆಟ್ಟಿಗೆಯನ್ನು ಬಿಡಿಸಿ, ಕೆಳಗಿನ ಮತ್ತು ಮೇಲಿನ ಅಂಚುಗಳನ್ನು ಹೊಸ ಚಕ್ರದ ಮೇಲೆ ಮತ್ತೆ ಎಳೆದೆವು. ಹೊಸ ಚಕ್ರವನ್ನು ಆಟಿಗೆ ಎಂದು ತೆಗೆದಿಟ್ಟಿದ್ದರು. ಜಗನ್ನಾಥಣ್ಣ ತಾವೇ ಡಬ್ಬ ಒಡೆದು ಕೊಟ್ಟರು. ಗೃಹಪ್ರವೇಶದವರು ಫೋನು ಮಾಡಿ ಬೈದರೆ, "ಒಂದು ಜೀವದ ಕೆಲಸ ಉಂಟು, ನಾಳೆ ಕೊಡ್ತೇನೆ," ಎನ್ನುತ್ತಿದ್ದರು. ಯಾರ ಜೀವ ಎಂದು ಹೇಳಲಿಲ್ಲ. ಹುಳದ ಜೀವ ಎಂದಿದ್ದರೆ ಆ ಗಿರಾಕಿಗಳು ಇನ್ನೂ ಬೈಯುತ್ತಿದ್ದರು.

ಕೊನೆಗೆ ನೂಲು ನಾಲ್ಕು ಸುತ್ತಲೂ ಒಂದೇ ಬಿಗಿಯಲ್ಲಿ ಸರಿಯಿತು. ಹಣತೆ ಹಚ್ಚಿಟ್ಟೆವು. ಮಧ್ಯಾಹ್ನದ ಊಟಕ್ಕೆ ಹೋಗಿ ಬಂದಾಗಲೂ ಉರಿಯುತ್ತಿತ್ತು. ಶೆಡ್ಡು ಮುಚ್ಚುವಾಗಲೂ ಉರಿಯುತ್ತಿತ್ತು.

ಮರುದಿನ ಟೆಂಪೋದಲ್ಲಿ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹಸನಾಕ ಮತ್ತು ನಾನು ನಾರಾವಿ ಕಡೆಗೆ ಹೋದೆವು. ಬಸದಿಯ ಮೆಟ್ಟಿಲ ಹತ್ತಿರ ಹಸನಾಕ ನಿಂತುಬಿಟ್ಟರು. "ನೀನು ಒಳಗೆ ಇಡು, ನಾನು ಇಲ್ಲಿಂದ ಹೇಳ್ತೇನೆ," ಎಂದರು. ಸುನಂದಮ್ಮ ಚೊಂಬಿನಲ್ಲಿ ನೀರು ತಂದು, "ಕೈಕಾಲು ತೊಳ್ಕೊಂಡು ಬನ್ನಿ ಹಸನಬ್ಬರೇ. ಮಾಡಿದವರು ಹೊರಗೆ ನಿಂತರೆ ಆಗ್ತದಾ?" ಎಂದರು. ಮುಖಮಂಟಪದಲ್ಲಿ ದೀಪ ಇತ್ತು. ನಾನು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ಅದನ್ನು ಅಲುಗಿಸದೆ ಗ್ರಾನೈಟಿನ ಮೇಲಿಟ್ಟು, ಪೆಟ್ಟಿಗೆಯನ್ನು ಅದರ ಮೇಲಿನಿಂದ ಇಳಿಸಿ, ಮುಚ್ಚಳ ಹೊದಿಸಿದೆವು. ಹಸನಾಕ ಜೇಬಿನಿಂದ ನೂಲು ತೆಗೆದು ಸುತ್ತ ಎಳೆದು ನೋಡಿ, ಏನೂ ಹೇಳದೆ ಹೊರಗೆ ಹೋಗಿ ಟೆಂಪೋ ಹತ್ತಿದರು. ನಾನು ಉಳಿದುಕೊಂಡೆ. ಆಕಾಶ ಕಪ್ಪಾಗಿತ್ತು, ನನಗೆ ನೋಡಬೇಕಿತ್ತು.

ಸಂಜೆಗೆ ಮಳೆ ಹೊಡೆಯಿತು, ನಿಂತಿತು. ನಿಂತ ಕೂಡಲೇ ಬಂದವು. ರೆಕ್ಕೆಯ ಗೆದ್ದಲುಗಳು, ನಾವು ಮಳೆಹುಳ ಎನ್ನುವುದು, ಅಂಗಳದ ಮಣ್ಣಿನಿಂದ ಎದ್ದೆದ್ದು ಬಂದು ಗಾಜಿಗೆ ಬಡಿದವು. ಬಡಿದು ನೆಲಕ್ಕೆ ಬಿದ್ದವು, ರೆಕ್ಕೆ ಕಳಚಿ ತೆವಳಿಕೊಂಡು ಹೋದವು. ಸಣ್ಣ ನುಸಿಗಳು ಕೆಳಗಿನ ಅಂಚಿನವರೆಗೆ ಬಂದು ಅಂಚಿನ ಉದ್ದಕ್ಕೂ ನಡೆದವು. ಸುನಂದಮ್ಮ ಮತ್ತು ನಾನು ಮಂಡಿಯೂರಿ ಕುಳಿತು ಆ ಸಂದನ್ನೇ ನೋಡುತ್ತಿದ್ದೆವು. ಒಂದೂ ಒಳಗೆ ಹೋಗಲಿಲ್ಲ. ಒಳಗೆ ಎಣ್ಣೆ ತಿಳಿಯಾಗಿಯೇ ಇತ್ತು, ಜ್ವಾಲೆ ನೆಟ್ಟಗೆ ನಿಂತಿತ್ತು.

ಅಷ್ಟರಲ್ಲಿ ಗೋಡೆಯಿಂದ ಒಂದು ಹಲ್ಲಿ ಇಳಿದು ಬಂದು, ಗಾಜಿನ ಮೇಲೆ ಕುಳಿತು, ಮಳೆಹುಳವೊಂದನ್ನು ಗುಳುಂ ಮಾಡಿತು. ಇದನ್ನು ನಾವು ಯೋಚಿಸಿರಲಿಲ್ಲ. ನಾನು ಸುನಂದಮ್ಮನ ಮುಖ ನೋಡಿದೆ.

"ಅದು ಅದರ ಹೊಟ್ಟೆಪಾಡು," ಎಂದರು ಅವರು. "ಅದಕ್ಕೆ ನಾನು ಬುದ್ಧಿ ಹೇಳ್ಲಿಕ್ಕೆ ಆಗ್ತದಾ? ಕೊಲ್ಲುದು ನನ್ನ ದೀಪ ಅಲ್ವಲ್ಲ. ಅಷ್ಟು ಸಾಕು."

ಮತ್ತೂ ಸ್ವಲ್ಪ ಹೊತ್ತು ಕುಳಿತೆವು. ಮಾಡಲು ಏನೂ ಇರಲಿಲ್ಲ. ಅವರು ಒಮ್ಮೆ ದೀಪ ನೋಡುತ್ತಿದ್ದರು, ಒಮ್ಮೆ ತಮ್ಮ ಖಾಲಿ ಕೈ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಅನುಮತಿ ಕೇಳುವವರ ಹಾಗೆ, ತಗ್ಗಿದ ಸ್ವರದಲ್ಲಿ ಕೇಳಿದರು:

"ಲೀಲಾ, ನಾನು ಹೋಗಿ ಮಲಗ್ಲಾ?"

ಅಷ್ಟು ವಯಸ್ಸಾದವರು ನನ್ನನ್ನು ಹಾಗೆ ಕೇಳುತ್ತಿದ್ದರು. "ಮಲಗಿ ಅಮ್ಮ," ಎಂದೆ.

ಬೆಳಿಗ್ಗೆ ಇಂದ್ರರು ಪೂಜೆಗೆ ಬಂದಾಗ ನಾನು ಮಂಟಪದ ನೆಲದಲ್ಲಿ ಬಿದ್ದಿದ್ದ ರೆಕ್ಕೆಗಳನ್ನು ಗುಡಿಸುತ್ತಿದ್ದೆ. ಅವರು ದೀಪ ನೋಡಿದರು, ಸುತ್ತ ನೋಡಿದರು, ಗಾಬರಿಯಾದರು.

"ಸುನಂದಮ್ಮ ಎಲ್ಲಿ? ಹುಷಾರಿಲ್ವಾ ಅವರಿಗೆ?"

"ಹುಷಾರಾಗಿದ್ದಾರೆ," ಎಂದೆ. "ಇನ್ನೂ ಎದ್ದಿಲ್ಲ."